ಲೈಬ್ರರಿ ಸೇರಿದ ನನ್ನ ಪೋಸ್ಟರ್

ಅಕ್ಕಾ,

ಜೀವಂತ ಇದ್ದೇನೆ, ಮಿಕ್ಕಿದ್ದು ಕೇಳಬೇಡ. ಫಸ್ಟ್ ಇಯರ್‌ನವರೆಲ್ಲ ಒಬ್ಬೊಬ್ಬ ದೊಡ್ಡ ಡಿಸೈನರ್ ಕೆಲಸ ನೋಡಿ ಕಲಿತು, ಆಮೇಲೆ ನಮ್ಮದೇ ಸ್ಟೈಲಿನಲ್ಲಿ ಪೋಸ್ಟರ್ ಮಾಡಬೇಕಿತ್ತು. ನನಗೆ ಸಿಕ್ಕ ಮಹಾನುಭಾವರು ಕೆಂಪು, ಕಪ್ಪು ಬಿಟ್ಟು ಬೇರೆ ಬಣ್ಣ ಮುಟ್ಟಿದವರಲ್ಲ. ಅವರ ದಪ್ಪ ಅಕ್ಷರಗಳು ಓರೆಯಾಗಿ ಓಡಿ ಹಾಳೆಯ ಅಂಚಿನಲ್ಲಿ ಅರ್ಧಕ್ಕೇ ತುಂಡಾಗುತ್ತವೆ. ನನ್ನದೂ ಹಾಗೇ ಬಂತು. ಕ್ಲಾಸಿನ ಗೋಡೆಗೆ ಅಂಟಿಸಿದ್ದೆ. ಲೈಬ್ರರಿಯವರು ಅದನ್ನು ಆ ಮಹಾನುಭಾವರದ್ದೇ ಎಂದುಕೊಂಡು ಒಯ್ದು, ಅವರ ಪೋಸ್ಟರುಗಳ ಡ್ರಾಯರಿನಲ್ಲಿಟ್ಟುಬಿಟ್ಟರು!

"ಮೇಡಂ, ಅದು ನಂದು" ಎಂದೆ, ಕ್ಲಾಸಿನಲ್ಲಿ ನಮ್ಮ ಟೀಚರಿಗೆ.

ಮೇಡಂ ನನ್ನದನ್ನೂ ಅವರದೊಂದನ್ನೂ ಲೈಬ್ರರಿಯಿಂದ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ, "ನಿಂದು ಅಂತೀಯಲ್ಲಮ್ಮಾ, ಇದ್ರಲ್ಲಿ ನೀನೆಲ್ಲಿದ್ದೀಯ, ತೋರ್ಸು" ಎಂದರು. ಕ್ಲಾಸೆಲ್ಲ ಕಿಸಕ್ಕೆಂದಿತು. ತೋರಿಸಲು ಏನೂ ಸಿಗಲಿಲ್ಲ ಅಕ್ಕಾ.

ಶುಕ್ರವಾರದೊಳಗೆ ಬೇರೆ ಕೊಡದಿದ್ದರೆ ಫೇಲ್. ಹಾಳೆ ಇನ್ನೂ ಬಿಳಿಯಾಗೇ ಇದೆ. ಸ್ಕೂಲಿನಲ್ಲಿದ್ದಾಗ ಹಾಸ್ಟೆಲಿನಲ್ಲಿ ವಾರ್ಡನ್ ಎಲ್ಲರ ಅಕ್ಷರವನ್ನೂ ಒಂದೇ ಥರ ತಿದ್ದಿಸಿದ್ದರು. ಅದಕ್ಕೂ ಮೊದಲು ನಾನು ಹೇಗೆ ಗೀಚುತ್ತಿದ್ದೆ, ನಿನಗೇನಾದರೂ ನೆನಪಿದೆಯಾ?

ಕೆಮ್ಮು ಕಡಿಮೆಯಾಗಿದೆ, ಊಟ ಸೇರುತ್ತಿಲ್ಲ. ಅಪ್ಪ ಓದಬಾರದೆಂದೇ ಕಾರ್ಡನ್ನು ನಿನ್ನ ಆಫೀಸಿಗೆ ಹಾಕುತ್ತಿದ್ದೇನೆ. ಅವರು ಕೇಳಿದರೆ, ನನ್ನ ಪೋಸ್ಟರನ್ನು ಲೈಬ್ರರಿಯವರೇ ಇಟ್ಟುಕೊಂಡರು ಅಂತಷ್ಟೇ ಹೇಳು.

ಓಡುತ್ತೇನೆ, ಅಂಚೆ ಡಬ್ಬಿ ತೆಗೆಯುತ್ತಿದ್ದಾರೆ.

ಪುಟ್ಟಿ