ತಳದ ಗೇಟಿನ ನೀರು

ಅಕ್ಕಾ, ನಿನ್ನ ತಮ್ಮ ಇನ್ನೂ ಹೊಳೆಪಾಲಾಗಿಲ್ಲ, ಹೆದರಬೇಡ. ಅಣೆಕಟ್ಟಿನ ಕೆಳಗೆ ಮೀನು ಕಾಯುವ ಕೆಲಸವೇ ಎಂದು ಭಾವ ನಕ್ಕಿದ್ದರಲ್ಲ, ನಿಜಕ್ಕೂ ಅದೇ ಕೆಲಸ. ಇದೊಂದೇ ಹೊಳೆಯಲ್ಲಿ ಉಳಿದಿರುವ ಒಂದು ಜಾತಿಯ ಮೀನು, ಬೆಚ್ಚಗಿನ ನೀರು ಏರಿದರೆ ಮಾತ್ರ ಮೊಟ್ಟೆ ಇಡುತ್ತದೆ. ಅದಕ್ಕೆಂದೇ ದಂಡೆಯುದ್ದಕ್ಕೂ ಜಲ್ಲಿ ಹರಡಿ ಕಾದೆವು. ಮೊನ್ನೆ ಮೀನುಗಳು ಬಂದು ಸೇರಿದ್ದನ್ನು ಕಣ್ಣಾರೆ ಕಂಡೆ.

ನಿನ್ನೆ ಆ ಮೀನಿಗೆಂದೇ ಅಣೆಕಟ್ಟಿನಿಂದ ನೀರು ಬಿಡುವ ಸಮಾರಂಭ. ಮೇಲಿನ ಗೇಟಿನದು ಬಿಸಿಲಿಗೆ ಕಾದ ನೀರು, ತಳದ ಗೇಟಿನದು ಮಂಜುಗಡ್ಡೆಯಂಥ ನೀರು ಎಂದು ನಮಗೆ ಕಲಿಸಿದ್ದೇ ನಮ್ಮ ಸಾಹೇಬರು. ಅವರೇ ಓಡಿಬಂದು, "ತಳದ್ದು ತೆಗೀರಿ. ಮೇಲಿಂದ ಬಿಟ್ರೆ ವೇದಿಕೆ ಮೇಲಿರೋರಿಗೆಲ್ಲ ನೀರು ಹಾರುತ್ತೆ" ಎಂದರು.

"ಮೀನಿನ ಗತಿ, ಸಾರ್?" ಎಂದೆ.

"ಮೀನೇನು ದೂರು ಕೊಡುತ್ತೇನ್ರೀ?" ಎಂದರು.

ಮುಖ್ಯ ಅತಿಥಿ ನೀರಿಗೆ ಕೈ ಅದ್ದಿ, "ಆಹಾ, ಎಷ್ಟು ತಣ್ಣಗಿದೆ!" ಎಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದೂ ಅವರೇ. ಸಂಜೆ ಹೊತ್ತಿಗೆ ಜಲ್ಲಿಯ ಮೇಲೆ ಒಂದು ಮೀನೂ ಇರಲಿಲ್ಲ, ಒಂದು ಮೊಟ್ಟೆಯೂ ಇರಲಿಲ್ಲ.

ಅದೇ ನೀರಿನಲ್ಲಿ ನಿಂತು ಹುಡುಕಿದ್ದಕ್ಕೆ ನನಗೆ ನೆಗಡಿ ಹಿಡಿದಿದೆ. ಉಣ್ಣೆಯ ಕಾಲುಚೀಲವಿದ್ದರೆ ಕಳಿಸು. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಮುಗಿಸುತ್ತೇನೆ. ಈ ಕಾರ್ಡಿನ ಆ ಕಡೆ ಚಿತ್ರದಲ್ಲಿ ಇರುವುದೇ ಆ ಮೀನು, ಪಾಪುಗೆ ತೋರಿಸು. ಸಮಾರಂಭದಲ್ಲಿ ಬಿಟ್ಟಿ ಹಂಚಿದರು. ಹೊಳೆಯಲ್ಲಿರುವ ಮೀನಿಗಿಂತ ಈ ಕಾರ್ಡುಗಳೇ ಹೆಚ್ಚು ಅಚ್ಚಾಗಿವೆ.

ನಿನ್ನ ತಮ್ಮ