ಕಣ್ಣು ಮುಚ್ಚಿ, ಕೈ ಎತ್ತಿ

ಜುಲೈ 8, ಸೋಮವಾರ

ಹತ್ತನೇ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದಿ ಮುಗಿಸಿದೆ. ಹವಾಮಾನ ಬದಲಾವಣೆಯ ಪಾಠ. ಎಲ್ಲರೂ ಪಾಸ್. ಒಬ್ಬರದ್ದು ಓದಿದರೆ ಎಲ್ಲರದ್ದೂ ಓದಿದ ಹಾಗೆ. ಅದೇ ಇಂಗಾಲದ ಡೈಆಕ್ಸೈಡ್, ಅದೇ ಕರಗುವ ಹಿಮ, ಕೊನೆಗೆ 'ಆದ್ದರಿಂದ ನಾವೆಲ್ಲರೂ ಗಿಡ ನೆಡಬೇಕು'. ಶುದ್ಧ ಗಿಳಿಪಾಠ. ಹಿಂದಿನ ಬೆಂಚಿನ ಒಬ್ಬ ಮಹಾಶಯ ಮಾತ್ರ ಓಜೋನ್ ಪದರದ ತೂತಿನಿಂದ ಬಿಸಿಲು ಸೋರುತ್ತಿದೆ ಎಂದು ಬರೆದಿದ್ದಾನೆ. ತಪ್ಪು. ಆದರೂ ಸ್ವಂತದ್ದು ತಾನೇ... ಅರ್ಧ ಮಾರ್ಕು ಕೊಟ್ಟೆ.

ವಕೀಲೆಗೆ ಹತ್ತಕ್ಕೆ ಹತ್ತು. ಮಾತಿಗೆ ಮಾತು ಕೊಡುತ್ತಾಳೆ, ಅದಕ್ಕೇ ಆ ಹೆಸರು, ನಾನೇ ಇಟ್ಟದ್ದು. ವಿಜ್ಞಾನಕ್ಕೆ ಇಂಥ ತಲೆ ನನ್ನ ಸರ್ವೀಸಿನಲ್ಲಿ ಕಂಡದ್ದು ಕಡಿಮೆ.

ಜುಲೈ 9

ನಿನ್ನೆಯಿಂದ ತಲೆಯಲ್ಲಿ ಹುಳ — ಬರೆದದ್ದನ್ನು ಈ ಮಕ್ಕಳು ನಂಬುತ್ತಾರಾ? ಕೇಳಿಯೇ ಬಿಟ್ಟೆ. "ನಂಬೋರು ಕೈ ಎತ್ತಿ." ಎಲ್ಲರೂ ವಕೀಲೆಯ ಕಡೆ ನೋಡಿದರು. ಅವಳು ಎತ್ತಲಿಲ್ಲ, ಯಾರೂ ಎತ್ತಲಿಲ್ಲ. ಕುರಿಮಂದೆ! ಸರಿ, ಕಣ್ಣು ಮುಚ್ಚಿ ಹಣೆ ಬೆಂಚಿಗೆ ಇಡಿ, ಈಗ ಎತ್ತಿ ಅಂದೆ. ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. 'ಕೈ ಇಳಿಸಿ' ಅಂದ ಮೇಲೆಯೇ 'ಕಣ್ಣು ಬಿಡಿ'.

ಅರ್ಧ ಕ್ಲಾಸೂ ಎತ್ತಲಿಲ್ಲ. ವಕೀಲೆ ಈಗಲೂ ಇಲ್ಲ.

ಬೆಲ್ ಆದ ಮೇಲೆ ತಾನಾಗಿಯೇ ಬಂದಳು.

"ಬೇಜಾರಾಯ್ತಾ ಮಿಸ್?"

"ಹತ್ತಕ್ಕೆ ಹತ್ತು ತಗೊಂಡೋಳು ಕಣೇ ನೀನು!"

"ಅದು ಮಾರ್ಕ್ಸಿಗೆ ಮಿಸ್. ಬರೆಯೋದೇ ಬೇರೆ, ನಂಬೋದೇ ಬೇರೆ."

ಮೈ ಉರಿಯಿತು. ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡೆ. "ಅವರು ನಂಬಿದ್ರೆಷ್ಟು, ಬಿಟ್ರೆಷ್ಟು? ಫ್ಯಾನ್ ಸ್ವಲ್ಪ ಜೋರು ಮಾಡು, ಸೆಕೆ" ಅಂದರು. ಜೋರು ಮಾಡಿದೆ.

ಜುಲೈ 17

ಇವತ್ತು ದೊಡ್ಡ ರಾದ್ಧಾಂತ. ಓಜೋನ್ ವೀರ ವಕೀಲೆಗೆ, "ನಿಮ್ಮಪ್ಪನ ಚಿಮಣಿಯಿಂದಾನೇ ಕಣೇ ಇಷ್ಟು ಸೆಕೆ" ಅಂದನಂತೆ. ಕ್ಲಾಸೆಲ್ಲ ನಕ್ಕಿದೆ. ಇವಳು ಜಾಮಿಟ್ರಿ ಬಾಕ್ಸ್ ಬೀಸಿ ಒಗೆದಿದ್ದಾಳೆ. ಅವನ ಹುಬ್ಬು ಒಡೆದು ರಕ್ತ. ಹತ್ತಿ ಒತ್ತಿ ಹಿಡಿದು ಬ್ಯಾಂಡೇಜ್ ಹಾಕಿದೆ. ಅವನಿಗಿಂತ ಜೋರಾಗಿ ಅವಳೇ ಅಳುತ್ತಿದ್ದಳು.

ಅವಳಪ್ಪ ಊರಾಚೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ನನಗೆ ಗೊತ್ತಿದ್ದದ್ದೇ. ಪಾಠ ಮಾಡುವಾಗ ಒಮ್ಮೆಯಾದರೂ ನೆನಪಾಯಿತಾ? ಊಹೂಂ.

ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ. ಮೂಗು ಒರೆಸಿಕೊಂಡು ಹೇಳಿದಳು:

"ನಂಬಿದ್ರೆ ಅಪ್ಪ ಕೆಟ್ಟೋರಾಗ್ತಾರೆ ಮಿಸ್. ಅದಕ್ಕೇ ನಂಬಲ್ಲ. ಮುಂದಿನ ವರ್ಷ ಸೈನ್ಸೇ ಬೇಡ ನಂಗೆ. ಕಾಮರ್ಸ್ ತಗೋತೀನಿ."

ತುಂಬಾ ಸಂಕಟವಾಯಿತು. ಆ ತಲೆ ಅಪ್ಪನನ್ನು ಉಳಿಸಿಕೊಳ್ಳಲು ಕಾಮರ್ಸಿಗೆ ಹೋಗುವುದಾ?

ಜುಲೈ 19

ಹೆಡ್‌ಮಾಸ್ಟರ್ ಅವಳಪ್ಪನನ್ನು ಕರೆಸಿದ್ದರು. ಶಿಫ್ಟ್ ಮುಗಿಸಿ ನೇರ ಬಂದಿದ್ದಾರೆ, ಉಗುರಿನ ಸಂದಿಯಲ್ಲಿ ಕಪ್ಪು. ಬಾಕ್ಸ್ ಎಸೆದದ್ದಕ್ಕೆ ನಾಲ್ಕು ಸಲ ಕ್ಷಮೆ ಕೇಳಿದರು. ಹೆಡ್‌ಮಾಸ್ಟರ್ ಭಾಷಣ ಬಿಗಿದು ಕಳಿಸಿದರು. ಗೇಟಿನ ಹತ್ತಿರ ಅವಳಪ್ಪ ನನ್ನನ್ನು ತಡೆದು ಕೇಳಿದರು:

"ಮನೇಲಿ ನಾನು ಕಂಡ್ರೆ ಎದ್ದು ಹೋಗ್ತಾಳೆ ಮೇಡಂ. ನಾನು ಬೈದಿಲ್ಲ, ಹೊಡೆದಿಲ್ಲ. ಸೈನ್ಸ್ ಬೇಡ ಅಂತಾಳೆ, ಯಾಕೆ ಅಂದ್ರೆ ಬಾಯಿ ಬಿಡಲ್ಲ. ಏನಾಗಿದೆ ಅವಳಿಗೆ?"

ಸುತ್ತಿ ಬಳಸದೆ ಹೇಳಿದೆ. ಉಗುರಿನ ಕಪ್ಪನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡರು.

"ಒಂದಿನ ಕ್ಲಾಸಿಗೆ ಬಂದು ಕೂತ್ಕೊಳ್ಳಿ. ಆ ಪಾಠ ನಿಮ್ಮ ಮುಂದೇನೇ ಮಾಡ್ತೀನಿ" — ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಗುರುವಾರ ರಜಾ ಇದೆ. ನಾನೇನಾದ್ರೂ ಮಾತಾಡ್ಬೇಕಾ?"

"ಬೇಡ. ಸುಮ್ನೆ ಕೂತ್ಕೊಂಡ್ರೆ ಸಾಕು."

ಜುಲೈ 25, ಗುರುವಾರ

ಬಂದರು. ಇಸ್ತ್ರಿ ಶರ್ಟು. ಕೊನೆಯ ಬೆಂಚಿನಲ್ಲಿ ಮೊಣಕಾಲು ಹಿಡಿಸಲಿಲ್ಲ, ಓರೆಯಾಗಿ ಕೂತರು. ಪಕ್ಕದಲ್ಲಿ ಬ್ಯಾಂಡೇಜಿನ ಓಜೋನ್ ವೀರ, ಉಸಿರೂ ಬಿಡದೆ ಮುದುಡಿಕೊಂಡು! ವಕೀಲೆ ಮುಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡಿದ್ದಳು. ಹಿಂದೆ ತಿರುಗಲಿಲ್ಲ.

ಕಲ್ಲಿದ್ದಲು, ಹೊಗೆ, ಬಿಸಿ — ಒಂದನ್ನೂ ಮೆತ್ತಗೆ ಮಾಡದೆ ಹೇಳಿದೆ. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು.

ಕೊನೆಗೆ ಕಣ್ಣು ಮುಚ್ಚಿಸಿದೆ. ಅವರೂ ಹಣೆಯನ್ನು ಬೆಂಚಿಗೆ ಇಟ್ಟರು. "ನಂಬೋರು ಕೈ ಎತ್ತಿ."

ಹೋದ ಸಲಕ್ಕಿಂತ ಹೆಚ್ಚು ಕೈಗಳು. ವಕೀಲೆಯ ಎರಡೂ ಕೈ ಮಡಿಲಲ್ಲಿ, ಬಿಗಿಯಾಗಿ. ಹಿಂದಿನ ಬೆಂಚಿನಲ್ಲಿ ಒಂದು ದೊಡ್ಡ ಕೈ ಮೇಲೆದ್ದಿತು. ಅನುಮಾನವಿಲ್ಲದೆ, ನೇರ.

ನಾನೊಬ್ಬಳೇ ನೋಡುತ್ತಿದ್ದೇನೆ. 'ಕೈ ಇಳಿಸಿ' ಅನ್ನಬೇಕಿತ್ತು. "ಕಣ್ಣು ಬಿಡಿ" ಅಂದೆ.

ಬಾಯಿ ತಪ್ಪಿತು ಎಂದು ಮಕ್ಕಳಿಗೆ ಹೇಳಿದ್ದೇನೆ. ಇಲ್ಲಿ ಸುಳ್ಳು ಯಾಕೆ? ಬೇಕೆಂದೇ ಅಂದೆ.

ವಕೀಲೆ ಹಿಂದೆ ತಿರುಗಿದಳು. ಆ ಕೈ ಇನ್ನೂ ಮೇಲೇ ಇತ್ತು. ಮಗಳನ್ನು ನೋಡಿದ ಮೇಲೂ ಇಳಿಸಲಿಲ್ಲ.

"ನಿಮಗೆ ಗೊತ್ತಿತ್ತಾ ಅಪ್ಪಾ?"

"ಗೊತ್ತಿತ್ತು ಪುಟ್ಟಾ."

"ಮತ್ತೆ ಯಾಕೆ ಹೋಗ್ತೀರಾ?"

"ನಂಗೆ ಬರೋ ಕೆಲಸ ಅದೊಂದೇ. ಬೇರೆ ದಾರಿ ನಂಗೆ ಗೊತ್ತಿಲ್ಲ. ನನ್ನ ಸಲುವಾಗಿ ನೀನು ಓದೋದು ಬಿಡಬೇಡ."

ಅವಳು ಎದ್ದು ಹಿಂದೆ ಹೋಗಿ "ಜರುಗೋ" ಅಂದಳು. ಓಜೋನ್ ವೀರ ದಡಬಡಿಸಿ ಗೋಡೆಗೆ ಅಂಟಿಕೊಂಡ. ಅಪ್ಪನ ಪಕ್ಕ ಕೂತಳು. ನಾನು ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಜುಲೈ 26

ವಕೀಲೆ ಸ್ಟಾಫ್ ರೂಮಿಗೆ ಬಂದಿದ್ದಳು. ಸೈನ್ಸೇ ತಗೊಳ್ಳುತ್ತಾಳಂತೆ. ಕುಣಿಯುವಷ್ಟು ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಹೊರಟವಳು ಬಾಗಿಲಲ್ಲಿ ನಿಂತಳು.

"ಮಿಸ್, ನಾವೆಲ್ಲ ಕಣ್ಣು ಮುಚ್ಕೊಂಡಿದ್ವಿ. ನೀವು ಕೈ ಎತ್ತಿದ್ರಾ?"

ಎತ್ತಿರಲಿಲ್ಲ. ಎರಡು ಸಲವೂ ಸುಮ್ಮನೆ ಚಾಕ್‌ಪೀಸ್ ಹಿಡಿದು ನಿಂತಿದ್ದೆ. ಅವಳು ಕಾಯುತ್ತಿದ್ದಳು. ನಾನು ಕೆಂಪು ಪೆನ್ನು ಕೆಳಗಿಟ್ಟು, ಅವಳು ನೋಡುತ್ತಿರುವಾಗಲೇ ಕೈ ಎತ್ತಿದೆ.