ನಡುವೆ ನಿಂತವರು

ಮಾರ್ಚ್ ೩, ಮಧ್ಯಾಹ್ನ

ಅಂಟು ಇನ್ನೂ ಒಣಗಿಲ್ಲ. ಅವರ ಹೈಸ್ಕೂಲಿನ ಪುಟ ಮುಗಿಯಿತು. ಬೇಸ್‌ಬಾಲ್ ತಂಡ, ಬೋಳು ತಲೆ, ಹಲ್ಲು ಬಿಟ್ಟ ನಗು. ಏಪ್ರಿಲ್ ಆರಕ್ಕೆ ಯಸುಹಿರೊ ತೀರಿಹೋಗಿ ಒಂದು ವರ್ಷ. ಅಷ್ಟರೊಳಗೆ ಈ ಸ್ಕ್ರ್ಯಾಪ್‌ಬುಕ್ ಮುಗಿಸಲೇಬೇಕು.

ಮದುವೆಯಾದ ಮೇಲಿನ ಫೋಟೋ ಡಬ್ಬ ಬಿಚ್ಚಿದೆ. ಬಿಚ್ಚಿದ್ದೇ ತಪ್ಪಾಯಿತು. ಹೊಸ ವರ್ಷದ ದೇವಸ್ಥಾನ, ಚೆರ್ರಿ ಮರದಡಿಯ ಊಟ, ಕೊನೆಗೆ ನಮ್ಮ ಹನಿಮೂನಿಗೆ ಹೊರಟ ರೈಲ್ವೆ ಪ್ಲಾಟ್‌ಫಾರಂ ಕೂಡ... ನಾವು ಮೂವರಿರುವ ಯಾವ ಫೋಟೋ ತೆಗೆದರೂ ನಡುವೆ ಅತ್ತೆ. ಇದು ಗಂಡನ ನೆನಪಿನ ಪುಸ್ತಕವೋ ಅತ್ತೆಯದೋ?

ಇರಲಿ. ದ್ವೀಪದ ದೀಪಸ್ತಂಭದ ಹತ್ತಿರ ತೆಗೆಸಿದ್ದು ಒಂದಿದೆ. ಅದರಲ್ಲಿ ಮಾತ್ರ ಗಂಡನ ಪಕ್ಕ ನಾನಿದ್ದೇನೆ, ನನ್ನ ಭುಜದ ಮೇಲೆ ಅವರ ಕೈ. ಕೊನೆಯ ಪುಟಕ್ಕೆ ಅದೇ.

ಸಂಜೆ

ಅದು ಡಬ್ಬದಲ್ಲಿಲ್ಲ.

ಮಾರ್ಚ್ ೪

ಕೇಳಿಯೇಬಿಟ್ಟೆ. “ಅತ್ತೆ, ದೀಪಸ್ತಂಭದ ಫೋಟೋ ನೋಡಿದ್ರಾ?”

ಮೂಲಂಗಿ ತುರಿಯುತ್ತಿದ್ದ ಕೈ ನಿಂತಿತು. “ಯಾವ ದೀಪಸ್ತಂಭನಮ್ಮಾ?”

“ಹೋದ ವರ್ಷದ ಹಿಂದಿನ ವರ್ಷ, ನಾವು ಮೂರು ಜನ ದ್ವೀಪಕ್ಕೆ ಹೋಗಿರ್ಲಿಲ್ವಾ?”

“ನಂಗೆ ವಯಸ್ಸಾಯ್ತು ಕಣೇ. ನಿನ್ನೆ ತಿಂದಿದ್ದೇ ನೆನಪಿರಲ್ಲ.”

ನೆನಪಿರುವುದಿಲ್ಲವಂತೆ! ಮದುವೆಯಾದ ಹೊಸತರಲ್ಲಿ ನಾನು ಒಡೆದ ಬಟ್ಟಲಿನ ಬಣ್ಣವನ್ನು ಈಗಲೂ ಹೇಳುತ್ತಾರೆ.

ಮಾರ್ಚ್ ೯

ಹೊಸ ಪ್ರಿಂಟ್ ಹಾಕಿಸೋಣವೆಂದು ನೆಗೆಟಿವ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ದೋಣಿ ಇದೆ. ಕಡಲಹಕ್ಕಿ ಇದೆ. ನಡುವಿನ ಒಂದು ಚೌಕ ಇಲ್ಲ. ಹರಿದದ್ದಲ್ಲ — ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಈ ಮನೆಯಲ್ಲಿ ಅಷ್ಟು ನೇರವಾಗಿ ಕತ್ತರಿಸುವವರು ಒಬ್ಬರೇ. ಜೀವನವಿಡೀ ಊರವರ ಕಿಮೊನೊ ಹೊಲಿದ ಕೈ ಅದು.

ಹಿರೊಶಿಮಾದಲ್ಲಿ ಓದುತ್ತಿರುವ ಮಗಳು ಚಿನತ್ಸುಗೆ ಫೋನ್ ಮಾಡಿದೆ. ನಕ್ಕಳು. “ಏನಮ್ಮಾ, ಅಜ್ಜಿ ಮೇಲೇ ಪತ್ತೇದಾರಿ ಶುರು ಮಾಡಿದ್ಯಾ?”

ನಗಲಿ. ಅವಳ ಫೋಟೋ ಕಳೆದಿಲ್ಲವಲ್ಲ.

ಮಾರ್ಚ್ ೧೯, ಬೆಳಿಗ್ಗೆ

ಅತ್ತೆ ಮಂಡಿನೋವಿಗೆ ಆಸ್ಪತ್ರೆಗೆ ಹೋದರು. ಅವರ ಕೋಣೆ ಹುಡುಕಿದೆ. ಹೌದು, ಹುಡುಕಿದೆ. ಹೊಲಿಗೆ ಡಬ್ಬ, ಹಾಸಿಗೆ ಕಪಾಟು... ಏನೂ ಇಲ್ಲ. ಕೊನೆಗೆ ಹಿರಿಯರ ಪೂಜೆಯ ಗೂಡಿನ ಕೆಳಗಿನ ಡ್ರಾಯರ್. ಊದುಬತ್ತಿ ಪೊಟ್ಟಣದಡಿ ಸಿಕ್ಕಿತು.

ಸಿಕ್ಕಿದ್ದೂ ಸಿಗದ ಹಾಗಾಯಿತು. ಎಡಕ್ಕೆ ಅತ್ತೆ, ನಡುವೆ ಅವರು, ಬಲಕ್ಕೆ ನಾನು. ಅವರಿಗೂ ನನಗೂ ಮಧ್ಯೆ ಹೂವಿನ ಕಾಗದದ ಒಂದು ಪುಟ್ಟ ಬೊಂಬೆ! ಕತ್ತರಿಸಿ ಗಟ್ಟಿಯಾಗಿ ಅಂಟಿಸಿದ್ದಾರೆ. ಭುಜದ ಮೇಲಿನ ಕೈ ಅದರಡಿ ಮುಚ್ಚಿಹೋಗಿದೆ.

ತಾವು ನಡುವೆ ನಿಲ್ಲಲಾಗದ ಒಂದೇ ಒಂದು ಫೋಟೋ, ಅಲ್ಲಿಗೂ ಬೊಂಬೆಯನ್ನು ಕಳಿಸಿದ್ದಾರೆ. ಇದೇನು ಮಾಟವೋ, ಬರೀ ಹೊಟ್ಟೆಕಿಚ್ಚೋ? ಈ ಹೆಂಗಸಿನ ಜೊತೆ ಇನ್ನು ಒಂದೇ ಸೂರಿನಡಿ ಇರಲಾರೆ.

ಮಾರ್ಚ್ ೨೦

ಆಲ್ಬಂ ಕ್ಲಾಸಿನಲ್ಲಿ ಪಕ್ಕ ಕೂರುವ ಒಗಾತಾ ಅವರಿಗೆ ಫೋಟೋ ತೋರಿಸಿದೆ. ಛೀ ಅನ್ನುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು.

“ಫುಮಿಯೆ ಅವ್ರೇ, ಮೂರು ಜನ ಫೋಟೋ ತೆಗೆಸ್ಕೊಂಡ್ರೆ ಮಧ್ಯದವರು ಮೊದ್ಲು ತೀರ್ಕೊಳ್ತಾರೆ ಅಂತಾರಲ್ಲ, ಕೇಳಿಲ್ವಾ? ನಮ್ಮಜ್ಜಿ ಫೋಟೋಗೆ ಅಂತ್ಲೇ ಚೀಲದಲ್ಲಿ ಒಂದ್ ಬೊಂಬೆ ಇಟ್ಕೊಂಡಿರ್ತಿದ್ರು. ಬೊಂಬೆ ಸೇರಿದ್ರೆ ನಾಲ್ಕು. ಆಗ ಮಧ್ಯ ಅಂತ ಯಾರೂ ಇರಲ್ಲ.”

ಕೇಳಿದ್ದೆ. ಶಾಲೆಯ ಪ್ರವಾಸದಲ್ಲಿ ನಡುವೆ ನಿಲ್ಲಲು ಒಲ್ಲೆನೆಂದು ಹುಡುಗಿಯರು ಓಡುತ್ತಿದ್ದೆವು. ಆಟವೆಂದು ಮರೆತಿದ್ದೆ.

ಬಸ್ಸಿನಲ್ಲಿ ಬರುವಾಗ ಅರ್ಥವಾಯಿತು. ದೇವಸ್ಥಾನ, ಚೆರ್ರಿ ಮರ, ಪ್ಲಾಟ್‌ಫಾರಂ... ಅತ್ತೆ ಎಲ್ಲ ಕಡೆ ನಡುವೆ. ಬೇಕಂತಲೇ. ಆದರೆ ನಾನು ಅಂದುಕೊಂಡಿದ್ದಕ್ಕಲ್ಲ.

ದೀಪಸ್ತಂಭದ ಹತ್ತಿರ “ಇವತ್ತೊಂದಿನ ಪಕ್ಕಕ್ಕೆ ಬನ್ನಿ ಅತ್ತೆ” ಎಂದು ತೋಳು ಹಿಡಿದು ಎಳೆದವಳು ನಾನು. ಯಸುಹಿರೊ ಅವರನ್ನು ಮಧ್ಯಕ್ಕೆ ತಳ್ಳಿದವಳೂ ನಾನೇ. ಆರು ತಿಂಗಳಿಗೆ, ಕೆಲಸದ ದೋಣಿಯ ಎಂಜಿನ್ ಕೋಣೆಯಲ್ಲಿ ಅವರ ಎದೆಬಡಿತ ನಿಂತಿತು.

ನಂಬುವುದಿಲ್ಲ ನಾನು ಇದನ್ನೆಲ್ಲ. ನಂಬುವುದಿಲ್ಲ.

ಮಾರ್ಚ್ ೨೧

ಸಮಾಧಿ ತೊಳೆಯಲು ಇಬ್ಬರೂ ಹೋದೆವು. ಕಲ್ಲಿನ ಮೇಲೆ ನೀರು ಹುಯ್ಯುತ್ತ ಫೋಟೋ ಮಾತು ತೆಗೆದೆ. ಅತ್ತೆ ತಿರುಗಿ ನೋಡಲಿಲ್ಲ.

“ಪ್ರಿಂಟ್ ಬಂದ ದಿನಾನೇ ಅಂಟಿಸ್ದೆ. ತಡ ಆಗಿತ್ತೇನೋ.”

“ಬಚ್ಚಿಟ್ಟಿದ್ದು ಯಾಕೆ? ನೆಗೆಟಿವ್ ಕತ್ತರಿಸಿದ್ಯಾಕೆ?”

“ಬಚ್ಚಿಡದಿದ್ರೆ ನೀನು ನೋಡ್ತಿದ್ದೆ. ಯಾರಾದ್ರೂ ಅದರ ಅರ್ಥ ಹೇಳ್ತಿದ್ರು. ಅವನನ್ನ ಮಧ್ಯ ನಾನೇ ನಿಲ್ಸಿದ್ದು ಅಂತ ನಿನ್ ತಲೇಲಿ ಕೂತ್ಕೊಂಡ್ಬಿಟ್ರೆ?” ಬ್ರಷ್ಷನ್ನು ನೀರಿಗೆ ಅದ್ದಿದರು. “ನನ್ ತಲೆಗೇ ಸಾಕು ಅದು. ನೀನು ಎಳೆದ್ರೆ ಏನಾಯ್ತು, ನಾನು ಗಟ್ಯಾಗಿ ನಿಲ್ಬೇಕಿತ್ತು.”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಒದ್ದೆ ಕೈ ಇಟ್ಟರು. ಕೋಟಿನೊಳಗೆಲ್ಲ ನೀರು.

ಏಪ್ರಿಲ್ ೬

ಪೂಜೆ ಆಯಿತು. ಚಿನತ್ಸು ಬಂದಿದ್ದಳು. ಅಂಗಳದಲ್ಲಿ ಫೋಟೋ ತೆಗೆಯಲು ಒಗಾತಾ ಅವರನ್ನು ಕೇಳಿದೆವು. ನಾವು ಮೂರು ಜನ ಹೆಂಗಸರು. ಅತ್ತೆ ಕೋಲೂರಿ ನೇರ ಮಧ್ಯಕ್ಕೆ ಬಂದರು. ನಾನು ಮೊದಲೇ ಅಲ್ಲಿ ನಿಂತಿದ್ದೆ.

“ಸರ್ಕೊಳ್ಳೇ ಆಚೆ. ನನ್ ಜಾಗ ಅದು.”

“ಇಷ್ಟು ವರ್ಷ ನಿಂತಿದ್ದು ಸಾಕು ಅತ್ತೆ.”

“ಮಗು ಎದುರಿಗೆ ಹಟ ಮಾಡ್ತೀಯಾ?” ಮೊಣಕೈ ಹಿಡಿದು ಎಳೆದರು. ನಾನು ಅಲ್ಲಾಡಲಿಲ್ಲ. ಕ್ಯಾಮೆರಾ ಹಿಡಿದ ಒಗಾತಾ ಅವರಿಗೆ ನಗು.

ಅತ್ತೆ ಗೊಣಗುತ್ತ ಒಳಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆ. ಮಗನ ಚೌಕಟ್ಟು ಹಾಕಿದ ಫೋಟೋ ಎದೆಗವಚಿಕೊಂಡು ಬಂದು ನನ್ನ ಕೈಗೆ ಕೊಟ್ಟರು. “ಹಿಡ್ಕೋ. ಈಗ ನಾಲ್ಕು ಜನ. ನಿನ್ ಪಕ್ಕಾನೇ ಇರ್ಲಿ.”

ಏಪ್ರಿಲ್ ೧೦, ಮಧ್ಯಾಹ್ನ

ಪ್ರಿಂಟ್ ಬಂತು. ಕೊನೆಯ ಪುಟಕ್ಕೆ ಅಂಟಿಸಿದೆ. ಈಗ ಮತ್ತೆ ಮೊದಲಿನಿಂದ ಹೊರಟಿದ್ದೇನೆ. ದೇವಸ್ಥಾನದ ಫೋಟೋಗೆ ಕೆಂಪು ಬೊಂಬೆ, ಅತ್ತೆಯ ಪಕ್ಕದಲ್ಲೇ. ಚೆರ್ರಿ ಮರಕ್ಕೆ ಹಳದಿ. ನನ್ನ ಕೈ ನೇರ ಬರುವುದಿಲ್ಲ, ಒಂದರ ತಲೆ ಸೊಟ್ಟಗಾಯಿತು.

ಕೆಳಗಿನಿಂದ ಕೂಗು. “ಫುಮಿಯೇ, ನನ್ ಕತ್ತರಿ ನೋಡಿದ್ಯಾ?”

“ಇಲ್ವಲ್ಲ ಅತ್ತೆ!”

ನಂಬಿದ ಹಾಗಿಲ್ಲ. ಪ್ಲಾಟ್‌ಫಾರಂ ಫೋಟೋ ಇನ್ನೂ ಬಾಕಿ. ಮೆಟ್ಟಿಲ ಮೇಲೆ ಕೋಲಿನ ಸಪ್ಪಳ, ಇದೊಂದು ಅಂಟಿಸಿಬಿಟ್ಟರೆ —